ತೇಪೆ ಬೇಡ ಎಂದ ದರ್ಜಿ

ನಿಮ್ಮ ಮನೆ ಮುಂದಿನ ರಸ್ತೆಯಲ್ಲೂ ಒಂದು ಬಿರುಕು ಇರಬಹುದು. ದರ್ಜಿಯ ಮನೆ ಮುಂದೆಯೂ ಇತ್ತು. ಕೂದಲೆಳೆಯಷ್ಟಿದ್ದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಬೆರಳು ಹೋಗುವಷ್ಟಾದಾಗ ಇಡೀ ಬೀದಿ ನಗರಸಭೆಯನ್ನು ಬಾಯಿಗೆ ಬಂದಂತೆ ಬೈಯತೊಡಗಿತು. ಬೈಯುವುದರಲ್ಲಿ ದರ್ಜಿಯದೇ ಮೇಲುಗೈ. ಹೊಲಿಗೆ ಯಂತ್ರದ ಸದ್ದಿಗಿಂತ ಅವನ ದನಿಯೇ ಜೋರು.

ಅವನ ಅಕ್ಕನೂ ಅದೇ ಮನೆಯಲ್ಲಿದ್ದಳು. ಕಾಲಲ್ಲಿ ಬಲವಿಲ್ಲ, ಗಾಲಿಕುರ್ಚಿಯಲ್ಲೇ ಓಡಾಟ. ಹಗಲೆಲ್ಲ ತಮ್ಮ ಹೊಲಿದ ಅಂಗಿಗಳಿಗೆ ಕಾಜಾ ಹಾಕುವುದು, ಸಂಜೆ ತಾನೇ ಗಾಲಿ ತಳ್ಳಿಕೊಂಡು ಬೀದಿ ಕೊನೆಯ ವಾಚನಾಲಯಕ್ಕೆ ಹೋಗಿ ಗೆಳತಿಯರ ಜೊತೆ ಹರಟುವುದು. ಯಾರ ಹಂಗೂ ಇಲ್ಲದ ಆ ಸಂಜೆಗಾಗಿಯೇ ಅವಳು ಇಡೀ ದಿನ ಸೂಜಿ ಹಿಡಿಯುತ್ತಿದ್ದಳು.

ಒಂದು ದಿನ ನಗರಸಭೆಯವರು ಬಿಸಿ ಡಾಂಬರಿನ ಗಾಡಿ ತಂದರು. ಜೊತೆಗೆ ಇಂಜಿನಿಯರಮ್ಮ. ಬಿರುಕುಗಳಿಗೆಲ್ಲ ಡಾಂಬರು ತುಂಬುತ್ತೇವೆ, ನಿಮ್ಮ ಗಾಡಿಗಳನ್ನು ಸ್ವಲ್ಪ ಸರಿಸಿ ಎಂದು ಮನೆಮನೆಗೆ ಹೇಳಿದರು. ದರ್ಜಿಗೆ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ತೆರಿಗೆ ಕಟ್ಟಿದ್ದು ಕರಿ ಗೆರೆ ಎಳೆಸಿಕೊಳ್ಳುವುದಕ್ಕಾ ಎಂದ. ಈಗ ತೇಪೆಗೆ ಒಪ್ಪಿದರೆ ಹೊಸ ರಸ್ತೆ ಕೈತಪ್ಪುತ್ತದೆ, ಪೂರ್ತಿ ಹಾಳಾದರೆ ಅವರು ಹೊಸದು ಹಾಕಲೇಬೇಕು. ಇದು ಅವನ ಲೆಕ್ಕಾಚಾರ. ಬೀದಿಯವರೆಲ್ಲ ಹೌದು ಹೌದು ಅಂದರು.

“ನೋಡಿ ಯಜಮಾನ್ರೆ,” ಎಂದರು ಇಂಜಿನಿಯರಮ್ಮ, “ಇರೋ ದುಡ್ಡಲ್ಲಿ ಎಲ್ಲ ಬೀದಿಗೂ ಹೊಸ ರಸ್ತೆ ಹಾಕೋಕಾಗಲ್ಲ. ಗಟ್ಟಿಯಾಗಿರೋದನ್ನ ಉಳಿಸ್ಕೋಬಹುದು. ಬಿರುಕಲ್ಲಿ ನೀರಿಳಿದ್ರೆ ಕೆಳಗಿನ ಜಲ್ಲಿ ಸಡಿಲ ಆಗತ್ತೆ. ಆಮೇಲೆ ಮೇಲೇನು ಹಾಕಿದ್ರೂ ನಿಲ್ಲಲ್ಲ, ಬುಡದಿಂದ ಅಗೀಬೇಕು. ಅದಕ್ಕೆ ದುಡ್ಡು ಯಾವಾಗ ಬರತ್ತೋ ನನಗೂ ಗೊತ್ತಿಲ್ಲ.”

“ಬರೋ ತನಕ ಕಾಯ್ತೀವಿ. ತೇಪೆ ಮಾತ್ರ ಬೇಡ.”

ಬಂದವರು ಮಾಡಿಹೋಗಲಿ ಬಿಡೋ ಎಂದು ಬಾಗಿಲಲ್ಲಿದ್ದ ಅಕ್ಕ ಹೇಳಿದಳು. “ನಿಂಗೇನು ಗೊತ್ತಾಗತ್ತೆ, ಸುಮ್ನಿರಕ್ಕ,” ಎಂದವನೇ ಅಂಗಡಿಯ ಇಸ್ತ್ರಿ ಮೇಜನ್ನು ತಂದು ನಡುರಸ್ತೆಯಲ್ಲಿಟ್ಟು ಅದರ ಮೇಲೆ ಕುಳಿತ. ಹರಿದ ಬಟ್ಟೆಗೆಲ್ಲ ತೇಪೆ ಹಾಕಿ ಹೊಟ್ಟೆ ಹೊರೆಯುವ ಮನುಷ್ಯನಿಗೆ ರಸ್ತೆಯ ತೇಪೆ ಅವಮಾನವಾಗಿ ಕಂಡಿತು. ಡಾಂಬರು ಆರುತ್ತಾ ಬಂತು, ಗಾಡಿ ಬೇರೆ ಬೀದಿಗೆ ಹೋಯಿತು. ಅವತ್ತು ಜನ ಅವನ ಬೆನ್ನು ತಟ್ಟಿದ್ದೇ ತಟ್ಟಿದ್ದು.

ಮಳೆ ಬಂತು. ಅವನ ಮನೆಯ ಕಡೆ ಬೀದಿ ತಗ್ಗು. ಚರಂಡಿಯ ಬಾಯಿಗೆ ಕಸ ಕಟ್ಟಿ, ನೀರು ಅಲ್ಲೇ ನಿಂತು ಬಿರುಕಿನೊಳಗೆ ಇಳಿಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಮೊಣಕಾಲುದ್ದದ ಗುಂಡಿಗಳು. ಬಟ್ಟೆ ಕೊಡುವವರು ಹೇಗೋ ಹಾರಿ ಬರುತ್ತಿದ್ದರು, ಅಕ್ಕನ ಕುರ್ಚಿ ಹಾರುವುದೆಲ್ಲಿ? ಒಂದು ಸಂಜೆ ಹಟ ಹಿಡಿದು ಹೊರಟವಳು ಕುರ್ಚಿ ಸಮೇತ ಮಗುಚಿಬಿದ್ದಳು. ಮೊಣಕೈ ಗಾಯ ಮಾಯಿತು. ಹೊರಗೆ ಹೋಗುವ ಧೈರ್ಯ ಮಾತ್ರ ಮರಳಲಿಲ್ಲ. ಎತ್ತಿಕೊಂಡು ಹೋಗುತ್ತೇನೆ ಎಂದ ತಮ್ಮ. ಮೂಟೆಯ ಹಾಗೆ ಹೊತ್ತುಕೊಂಡು ಹೋಗುವುದು ಬೇಡ ಎಂದಳು.

ದರ್ಜಿ ನಗರಸಭೆಗೆ ಓಡಿದ. ಇಂಜಿನಿಯರಮ್ಮ ಬೈಯಲಿಲ್ಲ. ಬೈದಿದ್ದರೆ ಅವನ ಮನಸ್ಸು ಹಗುರಾಗುತ್ತಿತ್ತು. ಕೆಳಗಿನ ಅರ್ಧ ಬೀದಿಯ ಬುಡವೇ ಹೋಗಿದೆ, ಅದಕ್ಕೆ ಈ ವರ್ಷ ಹಣವಿಲ್ಲ ಎಂದರು. ಮೇಲಿನ ಅರ್ಧದಲ್ಲಿ ಇನ್ನೂ ಬರೀ ಬಿರುಕು. ಜನ ಬಿಟ್ಟರೆ ಅದನ್ನಾದರೂ ಉಳಿಸಿಕೊಳ್ಳಬಹುದು.

“ಬಿಡ್ತಾರಮ್ಮ. ನಾನು ಹೇಳ್ತೀನಿ,” ಎಂದ.

ಗಾಡಿ ಸರಿಸಿ ಎಂದು ಮನೆಮನೆಗೆ ಹೋಗಿ ಕೇಳಿಕೊಂಡ. ಮೇಲಿನ ಅರ್ಧದಲ್ಲಿದ್ದ ಡ್ರೈವರ್ ಒಬ್ಬ ನಕ್ಕ. “ಮೇಜು ಹಾಕ್ಕೊಂಡು ಕೂತಿದ್ದು ನೀನೇ ಅಲ್ವೇನಪ್ಪ?”

“ನಾನೇ. ಬಂದು ನಮ್ಮಕ್ಕನ್ನ ನೋಡು. ಆಮೇಲೆ ಬೇಕಾದ್ರೆ ಗಾಡಿ ಇಲ್ಲೇ ಇಟ್ಕೋ.”

ಡ್ರೈವರ್ ಗಾಡಿ ತೆಗೆದ.

ಡಾಂಬರು ಮತ್ತೆ ಬಂತು. ದರ್ಜಿ ಚರಂಡಿಯ ಬಾಯಿಯ ಕಸವನ್ನು ತಾನೇ ಎಳೆದು ಹಾಕಿದ. ಅಕ್ಕ ಬಾಗಿಲಲ್ಲಿ ಕುಳಿತು ನೋಡುತ್ತಿದ್ದಳು. ಕೆಲಸ ಬೀದಿಯ ನಡುವಿಗೇ ನಿಂತಿತು.

“ನಮ್ಮ ಬಾಗಿಲ ತನಕ ಬರಲ್ವೇನೋ?”

“ಬಂದಿತ್ತಕ್ಕ. ನಾನೇ ವಾಪಸ್ ಕಳಿಸಿದೆ.”

ಅಕ್ಕ ಕಾಜಾ ಹಾಕಲು ಇನ್ನೊಂದು ಅಂಗಿ ಎತ್ತಿಕೊಂಡಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಬಿರುಕು ಸಣ್ಣದಿದ್ದಾಗಲೇ ನಗರಸಭೆಗೆ ತಿಳಿಸಿ. ತುಂಬಲು ಬಂದರೆ ಗಾಡಿ ಸರಿಸಿ ಜಾಗ ಕೊಡಿ. ಮಳೆಗೆ ಮುಂಚೆ ಮನೆ ಮುಂದಿನ ಚರಂಡಿಯ ಬಾಯಿ ಒಮ್ಮೆ ನೋಡಿ. ಹೊಸ ರಸ್ತೆ ಕೇಳಲೇಬೇಡಿ ಅಂತಲ್ಲ. ಕೇಳಿ, ವಾರ್ಡ್ ಸಭೆಗೆ ಹೋಗಿ ಗಟ್ಟಿಯಾಗಿಯೇ ಕೇಳಿ. ಆದರೆ ಅದು ಬರುತ್ತದೆಂದು ಇರುವ ರಸ್ತೆಯನ್ನು ಕೈಯಾರೆ ಹಾಳುಮಾಡಿಕೊಳ್ಳಬೇಡಿ. ನಿಮ್ಮ ಬೀದಿಯಲ್ಲೂ ಸಂಜೆಯಾದರೆ ಹೊರಗೆ ಹೋಗಬೇಕೆನ್ನುವ ಅಕ್ಕ ಒಬ್ಬಳು ಇದ್ದಾಳೆ.