ಮೊಣಕಾಲ ಮೇಲಿನ ಎಲೆ

"ಕಾಲು ಮಡಚ್ರಿ, ಕುಂಡ್ರಿಸಬೇಕಲ್ಲ," ಎಂದಳು ನೆರೆಮನೆಯ ಶಂಕ್ರವ್ವ.

ಹೆಣವನ್ನು ಕೂರಿಸಿ ಮಣ್ಣು ಮಾಡುವ ಮೊದಲಿನ ಸ್ನಾನ. ಸೊಸೆ ದೇವಿಕಾ ಅತ್ತೆ ಗುಡ್ಡವ್ವನ ಬಲಗಾಲನ್ನು ಮೆಲ್ಲಗೆ ಎತ್ತಿದಳು. ಬದುಕಿದ್ದಾಗಲೂ ಪೂರ್ತಿ ಮಡಚದಿದ್ದ ಕಾಲು ಅದು.

"ಸತ್ತರೂ ಹಟ ಬಿಟ್ಟಿಲ್ಲ ನೋಡ ಈಕಿ," ಎಂದಳು ಶಂಕ್ರವ್ವ.

ಅಳುತ್ತಿದ್ದವರೂ ನಕ್ಕರು. ಬಿಸಿನೀರು ಹೊಯ್ದು ನೀವಿದಾಗ ಸೀರೆ ಸರಿಯಿತು. ಮೊಣಕಾಲ ಮೇಲೆ ಅಂಗೈಯಗಲದ ಕಪ್ಪು ಕಲೆ.

"ಇದೇನ ಇದು?" ನರಗುಂದದಿಂದ ಬಂದಿದ್ದ ಮಗಳು ಭಾರತಿ ಮುಂದೆ ಬಂದಳು. "ದೇವಿಕಾ, ಅವ್ವಗ ಬರಿ ಎಳದೀಯೇನ?"

ನೀರು ಹಾಕುತ್ತಿದ್ದ ಕೈಗಳು ನಿಂತವು. ಈ ಮಾತು ಸುತ್ತ ಕಟ್ಟಿದ ಸೀರೆಯ ಮರೆ ದಾಟಿ ಅಂಗಳದ ಗಂಡಸರ ಕಿವಿಗೆ ಬಿದ್ದರೆ, ದೇವಿಕಾ ಸೂಡಿ ಊರಲ್ಲಿ ಕಡೆತನಕ ಅತ್ತೆಗೆ ಬರೆ ಎಳೆದ ಸೊಸೆಯೇ.

*

ಶೀಗಿ ಹುಣ್ಣಿಮೆಗೆ ಬಂದಾಗ ಭಾರತಿಯೇ ನೋವಿನ ಮುಲಾಮು ತಂದುಕೊಟ್ಟಿದ್ದಳು. ಸಂಜೆ ಹೊಲದಿಂದ ಬಂದು ದೇವಿಕಾ ಅದನ್ನು ಹಚ್ಚುವಳು, ಆಮೇಲೆ ಸಾಬೂನಿನಿಂದ ಕೈ ತೊಳೆಯುವಳು. ಡಬ್ಬಿಯೊಳಗಿನ ಚೀಟಿಯನ್ನು ಅತ್ತೆಗೆ ಓದಿ ಹೇಳಿದ್ದಳು.

"ತೆಳ್ಳಗ ಹಚ್ಚಬೇಕಂತ್ರಿ ಅತ್ತಿ. ತಿಕ್ಕಬಾರದು, ಬಿಗಿದು ಕಟ್ಟಬಾರದು, ಮ್ಯಾಲ ಕಾವು ಕೊಡಬಾರದು. ಗಾಯಕ್ಕ, ಕಣ್ಣಿಗೆ ತಾಗಬಾರದು."

"ಬರೇ ಬಾರದು ಬಾರದು! ಬ್ಯಾನಿ ಹೋಗತೈತಿ ಅಂತ ಒಂದ ಮಾತರ ಬರದಾರಿಲ್ಲ?"

ಒಂದು ದಿನ ದೇವಿಕಾ ಹತ್ತಿ ಬಿಡಿಸಲು ಹೋದಾಗ ಗುಡ್ಡವ್ವ ಮುಲಾಮನ್ನು ದಪ್ಪಗೆ ಬಳಿದು, ಹಂಚಿನ ಮೇಲೆ ಕಾಯಿಸಿದ ಎಕ್ಕೆಯ ಎಲೆ ಇಟ್ಟು, ಬಟ್ಟೆ ಬಿಗಿದು ಕಟ್ಟಿಕೊಂಡಳು. ಔಷಧಿಗೆ ಬೆಂಕಿಯ ಕಾವು ಸೇರದೆ ನೋವು ಹೋಗುವುದುಂಟೆ? ಸಂಜೆ ಕಟ್ಟು ಬಿಚ್ಚಿದರೆ ಚರ್ಮ ಬೊಬ್ಬೆ ಎದ್ದಿತ್ತು. ಗಜೇಂದ್ರಗಡದ ದವಾಖಾನೆಗೆ ಓಡಾಡಿ ಗಾಯವೇನೋ ಮಾಯಿತು, ಕಲೆ ಉಳಿಯಿತು.

"ಭಾರತಿ ಮುಂದ ಹೇಳಬ್ಯಾಡವಾ," ಎಂದಿದ್ದಳು ಗುಡ್ಡವ್ವ. "ಆಕಿ ತಂದ ಔಷಧ. ಮನಸಿಗೆ ಹಚಗೋತಾಳ."

"ಹೇಳೂದಿಲ್ರಿ."

*

ದೇವಿಕಾ ತಲೆ ತಗ್ಗಿಸಿ ಕುಳಿತೇ ಇದ್ದಳು. ಎಲ್ಲರ ಕಣ್ಣೂ ಅವಳ ಮೇಲೆ.

"ಬಾಯಿ ಬಿಡವಾ," ಎಂದಳು ಶಂಕ್ರವ್ವ.

ಭಾರತಿ ಬಾಗಿ ಕಲೆಯನ್ನು ಮುಟ್ಟಿದಳು. ನಡುವೆ ನೇರ ಗೆರೆ, ಎರಡೂ ಬದಿಗೆ ಸಣ್ಣ ಗೆರೆಗಳು. ಅವಳ ಬೆರಳು ಅಲ್ಲೇ ನಿಂತಿತು. ಚಿಕ್ಕಂದಿನಲ್ಲಿ ಅವಳ ಕಾಲು ಉಳುಕಿದಾಗಲೆಲ್ಲ ಅವ್ವ ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟುತ್ತಿದ್ದ ಎಲೆ.

"ಎಕ್ಕಿ ಎಲಿ," ಎಂದಳು. "ತಾನ ಕಟಗೊಂಡಿದ್ಲೇನ?"

"ಹೂಂನ್ರಿ ಅಕ್ಕಾ."

"ಎಣ್ಣಿ ಹಚ್ಚಿದ್ಲೋ, ನಾ ಕೊಟ್ಟ ಮುಲಾಮೋ?"

ದೇವಿಕಾ ಚರಿಗೆ ಎತ್ತಿ ಅತ್ತೆಯ ಪಾದಕ್ಕೆ ನೀರು ಹೊಯ್ದಳು. ಚರಿಗೆ ಬರಿದಾದರೂ ಪಾದ ನೀವುತ್ತಲೇ ಇದ್ದಳು.

ಭಾರತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಅಂಗಳಕ್ಕೂ ಕೇಳುವ ಹಾಗೆ ಹೇಳಿದಳು: "ಬರಿ ಅಲ್ರೆವಾ ಇದು. ಅವ್ವ ಎಲಿ ಕಟಗೊಂಡ ಕಲಿ. ಸೊಸಿ ಮಾತು ಕೇಳಿದಾಕಿ ಅಲ್ಲ ನಮ್ಮವ್ವ."

ಶಂಕ್ರವ್ವ ವಿಭೂತಿಯ ತಟ್ಟೆ ಸರಿಸಿದಳು. ಭಾರತಿ ಒಂದು ಹಿಡಿ ತೆಗೆದು ಆ ಕಲೆಗೆ ಒತ್ತಿ ತಿಕ್ಕತೊಡಗಿದಳು.

"ಮೆಲ್ಲಕ ಅಕ್ಕಾ," ದೇವಿಕಾಳ ಬಾಯಿಂದ ತಾನಾಗಿ ಬಂತು. "ತಿಕ್ಕಬ್ಯಾಡ್ರಿ."

ಭಾರತಿಯ ಕೈ ಹಗುರಾಯಿತು. ತೆಳ್ಳಗೆ ಸವರಿದಳು. ಎಲೆಯ ಗೆರೆಗಳು ಒಂದೊಂದಾಗಿ ಬಿಳುಪಿನೊಳಗೆ ಮುಳುಗಿದವು.

ಅವಳು ತಲೆ ಎತ್ತಿದಾಗ ದೇವಿಕಾ, ದಿನದ ರೂಢಿಯಂತೆ, ಸಾಬೂನು ಮತ್ತು ಚರಿಗೆ ಹಿಡಿದು ನಿಂತಿದ್ದಳು. ಭಾರತಿ ಬೂದಿ ಮೆತ್ತಿದ ಎರಡೂ ಕೈಗಳನ್ನು ಅವಳ ಮುಂದೆ ಚಾಚಿದಳು.