ಬಚ್ಚಲ ನೀರು ಮತ್ತು ಮಾದಮ್ಮನ ಗುಲಾಬಿ

ಹೆಮ್ಮಿಗೆಯ ಮಾದಮ್ಮನವರ ಹಿತ್ತಲಲ್ಲಿ ಗುಲಾಬಿ ಗಿಡಗಳ ಸಾಲೊಂದಿದೆ. ಗಣರಾಜ್ಯೋತ್ಸವದ ದಿನ ಬೀದಿಯ ಅಂಬೇಡ್ಕರ್ ಭವನದಲ್ಲಿ ಬಾಬಾಸಾಹೇಬರ ಪಟಕ್ಕೆ ಹಾಕುವ ಹಾರ ಆ ಸಾಲಿನ ಹೂವಿನದೇ. ಮಾದಮ್ಮ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಡೆದು ಬಂದ ವಾಡಿಕೆ ಅದು.

ಈ ಸಲ ಡಿಸೆಂಬರ್ ಬಂದರೂ ಗಿಡದಲ್ಲಿ ಜೀವಕಳೆಯೇ ಇಲ್ಲ. ಎಲೆಗಳ ಮೇಲೆ ಕಪ್ಪು ಚುಕ್ಕೆ ಎದ್ದು, ಹಳದಿಯಾಗಿ ಉದುರುತ್ತಿದ್ದವು. ಬಿಟ್ಟ ಒಂದೆರಡು ಮೊಗ್ಗೂ ಅರಳದೆ ಕಂದಿದ್ದವು.

"ಯಾರ್ದೋ ಕಣ್ಣು ಬಿದ್ದದೆ," ಎಂದು ಮಾದಮ್ಮ ಗಿಡಕ್ಕೆ ಹಳೇ ಚಪ್ಪಲಿ ಕಟ್ಟಿದರು.

"ಕಟ್ಟೋದು ಕಟ್ಟಿದ್ದೀಯ, ಜೊತೇನೂ ಕಟ್ಟಮ್ಮಿ. ಒಂದೇ ಕಾಲ್ಗೆ ಹಾಕ್ಕಂಡು ಗಿಡ ಎಲ್ಲಿಗೋದಾತು?" ಎಂದರು ಗಂಡ ಚಲುವಯ್ಯ.

"ನೀವು ಸುಮ್ಕಿರಿ. ಪಟಕ್ಕೆ ಅಂಗ್ಡಿ ಹಾರ ತಂದು ಹಾಕೋ ಗತಿ ಬಂದ್ರೆ ನಾನು ಭವನದ ಮೆಟ್ಲು ಹತ್ತಕ್ಕಿಲ್ಲ."

ಒಳಗೆ ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದ ಸೊಸೆ ಕೋಮಲಳಿಗೆ ಅತ್ತೆಯ ಈ ಮಾತು ಕೇಳಿ ಸಂಕಟವಾಯಿತು. ನಂಜನಗೂಡಿನಿಂದ ಮದುವೆಯಾಗಿ ಬಂದ ಹುಡುಗಿ. ಅತ್ತೆಯ ಎದುರು ಮಾತು ಆಡಿದವಳಲ್ಲ. ಸ್ವಸಹಾಯ ಸಂಘದ ಸಭೆಯಲ್ಲಿ, ಊರಿನವರಿಗೆ ಬೇಸಾಯದ ಸಲಹೆ ಕೊಡುವ ಕೃಷಿ ಸಖಿ ಚೈತ್ರಳ ಪಕ್ಕ ಕೂತು, ಗಿಡದ ಪಾಡನ್ನು ಪಿಸುಮಾತಿನಲ್ಲಿ ಹೇಳಿದಳು.

ಮರುದಿನ ಬೆಳಿಗ್ಗೆಯೇ ಚೈತ್ರ ಬಂದಳು.

"ದೊಡ್ಡವ್ವ, ಗಿಡಕ್ಕೆ ನೀರು ಹೆಂಗೆ ಹಾಕ್ತಿದ್ದೀರಿ?"

"ಹಾಕೋದ್ಯಾಕೆ? ಬಚ್ಲು ನೀರೆಲ್ಲ ಇಲ್ಲಿಗೇ ಬತ್ತದೆ. ಚಳಿ ಅಂತ ಎಲ್ರೂ ಸಂಜೆ ಬಿಸ್ನೀರು ಉಯ್ಕತಾರಲ್ಲ, ಗಿಡಕ್ಕೂ ಬೆಚ್ಚಗಾಯ್ತದೆ."

"ಗೊಬ್ಬರ?"

"ದಿನಾ ಬೆಳಿಗ್ಗೆ ಹಸಿ ಸಗಣಿ. ಬುಡ ತುಂಬ."

"ನನಗಿಂತ ಗಿಡಕ್ಕೇ ಉಪಚಾರ ಜಾಸ್ತಿ ಕನವ್ವ," ಎಂದು ಚಲುವಯ್ಯ ಜಗಲಿಯಿಂದಲೇ ದೂರು ಕೊಟ್ಟರು.

ಚೈತ್ರ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ದೊಡ್ಡವ್ವ, ಮಣ್ಣೊಳಕ್ಕೆ ಬೆರಳು ಹಾಕಿ. ಹಾಂ, ಈಗ ಮೂಸಿ ನೋಡಿ."

ಮಾದಮ್ಮನ ಬೆರಳಿಗೆ ಕರೀ ಕೆಸರು ಅಂಟಿ ಬಂತು. "ಥೂ, ನಾರ್ತದೆ."

"ಬೇರು ರಾತ್ರಿಯೆಲ್ಲ ಇದ್ರಲ್ಲೇ ನಿಂತಿರ್ತದೆ. ಚಳೀಲಿ ಮಣ್ಣು ಬೇಗ ಆರಲ್ಲ, ಗಿಡ ಕುಡಿಯೋದೂ ಕಮ್ಮಿ. ಅದ್ರ ಮೇಲೆ ಸೋಪಿನ ನೀರು. ಹಸಿ ಸಗಣಿ ಕಾವಿಗೆ ಬೇರು ಬೆಂದೋಯ್ತದೆ."

"ಅಂಗಾದ್ರೆ ನೀರು, ಗೊಬ್ರ ಎಲ್ಲಾ ನಿಲ್ಲಿಸ್ಬುಡ್ತೀನಿ. ಎಂಗೂ ಮಂಜು ಬೀಳ್ತದಲ್ಲ."

"ಅದೂ ತಪ್ಪೇ. ಹಿಮ ಬೀಳೋ ದೇಶದಲ್ಲಿ ಗುಲಾಬಿ ಚಳಿಗಾಲ ಪೂರ್ತಿ ಮಲಗಿಬಿಡ್ತದಂತೆ. ನಮ್ಮ ಕಡೆ ಚಳಿ ಹಿತವಾಗಿರ್ತದೆ, ಗಿಡ ಮಲಗಲ್ಲ, ಹೂವ ಬಿಡೋ ಕಾಲಾನೇ ಇದು. ದುಡಿಯೋ ಗಿಡಕ್ಕೆ ಉಣ್ಣಕ್ಕೆ ಇಕ್ಕದಿದ್ರೆ ಹೆಂಗೆ? ಮಂಜು ಎಲೆ ನೆನೆಸ್ತದೆ ಅಷ್ಟೇ, ಬೇರಿಗೆ ಇಳಿಯಲ್ಲ."

ಮಾದಮ್ಮ ಸೊಂಟದ ಮೇಲೆ ಕೈಯಿಟ್ಟರು. "ನಮ್ಮತ್ತೆ ಕಾಲ್ದಿಂದ್ಲೂ ಬಚ್ಲು ನೀರೇ ಕನ. ಆಗೆಲ್ಲ ಊವ ಬಿಡ್ತಿರ್ಲಿಲ್ವ?"

ಆಗ ಬಾಗಿಲ ಮರೆಯಿಂದ ಕೋಮಲಳ ದನಿ ಬಂತು.

"ಆಗ ಸೀಗೆಪುಡಿ, ಕಡ್ಲೆಹಿಟ್ಟು ಹಚ್ಕೊಂಡು ಸ್ನಾನ ಮಾಡ್ತಿದ್ವಿ ಅಂತ ನೀವೇ ಹೇಳಿದ್ರಿ, ಅತ್ತೆ. ನೀರೂ ಹೊತ್ತು ತರಬೇಕಿತ್ತಂತೆ. ಈಗ ಮನೆಗೇ ನಲ್ಲಿ ಬಂದದೆ. ಶಾಂಪೂ, ಬಟ್ಟೆ ಪೌಡರು ಎಲ್ಲಾ ಅಲ್ಲಿಗೇ ಹೋಗ್ತದೆ."

ಮಾದಮ್ಮ ಸೊಸೆಯನ್ನೇ ನೋಡಿದರು. ಆಮೇಲೆ ಗಂಡನ ಕಡೆ ತಿರುಗಿದರು.

"ಏನ್ ನೋಡ್ತಾ ಕುಂತಿದ್ದೀರಿ? ಗುದ್ಲಿ ತಗಂಬನ್ನಿ."

ಅವತ್ತೇ ಬಚ್ಚಲ ಕಾಲುವೆ ಹಿತ್ತಲ ಮೂಲೆಯ ಬಾಳೆಯ ಕಡೆ ತಿರುಗಿತು. ಹಸಿ ಸಗಣಿ ತಿಪ್ಪೆಗೆ ಹೋಯಿತು. ಚುಕ್ಕೆ ಬಿದ್ದ ಎಲೆಗಳನ್ನೆಲ್ಲ ಆಯ್ದು ಸುಟ್ಟರು. ಬುಡದ ಮಣ್ಣು ಸಡಿಲಿಸಿ ಆರಲು ಬಿಟ್ಟರು. ಮಣ್ಣು ಆರಿದ ಮೇಲೆ ನೀರು ಕೊಟ್ಟು, ಕಾಂಡದಿಂದ ಗೇಣು ದೂರಕ್ಕೆ ಸುತ್ತಲೂ ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ, ಒಂದು ಹಿಡಿ ಕಡಲೆಕಾಯಿ ಹಿಂಡಿ ಬೆರೆಸಿದರು. ಮೇಲೆ ಕಬ್ಬಿನ ತರಗು ಹಾಸಿದರು, ಕಾಂಡಕ್ಕೆ ತಾಗದಂತೆ. ಅಂದಿನಿಂದ ನೀರು ಹಾಕುವುದು ಬಿಸಿಲು ಬಂದ ಮೇಲೆ, ಬುಡಕ್ಕೆ ಮಾತ್ರ. ಅದೂ ಬೆರಳು ಹಾಕಿ ನೋಡಿ, ಒಳಗೆ ಒಣಗಿದ್ದರಷ್ಟೇ.

ಸಾಲಿನ ಕೊನೆಯಲ್ಲಿದ್ದ ಒಂದು ಗಿಡ ಮಾತ್ರ ಉಳಿಯಲಿಲ್ಲ, ಅದರ ಬೇರು ಪೂರ್ತಿ ಕೊಳೆತಿತ್ತು. "ನಾನೇ ಕೊಂದೆ," ಎಂದು ಮಾದಮ್ಮ ದಿನವಿಡೀ ಸಪ್ಪಗಿದ್ದರು.

ಆದರೆ ಒಂದು ಬೆಳಿಗ್ಗೆ ಕೋಮಲ ಚೊಂಬು ಹಿಡಿದೇ ಒಳಗೋಡಿ ಬಂದಳು. "ಅತ್ತೆ, ಬನ್ನಿ, ಬೇಗ ಬನ್ನಿ!" ಗೆಣ್ಣುಗೆಣ್ಣಿನಲ್ಲೂ ಕೆಂಪು ಚಿಗುರು ಮಿಂಚುತ್ತಿತ್ತು. ಸಂಕ್ರಾಂತಿಗೆ ಎಳ್ಳು ಬೀರಲು ಬಂದವರೆಲ್ಲ ಮೊಗ್ಗು ನೋಡಲು ಹಿತ್ತಲಿಗೇ ನುಗ್ಗಿದರು. ಯಾರೂ ನೋಡದಾಗ ಮಾದಮ್ಮ ಆ ಚಪ್ಪಲಿ ಬಿಚ್ಚಿ ಎಸೆದರು.

ಗಣರಾಜ್ಯೋತ್ಸವದ ದಿನ ಹಾರ ಸ್ವಲ್ಪ ಗಿಡ್ಡವೇ ಆಯಿತು. ಆದರೆ ಒಂದೊಂದು ಹೂವೂ ಅಂಗೈಯಗಲ.

"ಏನ್ ಮಾದಕ್ಕ, ಸಾಯೋ ಗಿಡಕ್ಕೆ ಅದ್ಯಾವ ಟಾನಿಕ್ ಹಾಕ್ದೆ?" ಎಂದು ಭವನದ ಹಿರಿಯ ದೊಡ್ಡಸಿದ್ದಯ್ಯ ಕೇಳಿದರು.

ಮಾದಮ್ಮ ತೋರುಬೆರಳು ಎತ್ತಿದರು. ಉಗುರಲ್ಲಿ ಇನ್ನೂ ಮಣ್ಣಿತ್ತು. "ಈ ಬೆರಳು ಹಾಕ್ದೆ ಕನಣ್ಣ."

ಆಮೇಲೆ ಹಾರವನ್ನು ಕೋಮಲಳ ಕೈಗಿಟ್ಟರು. "ಈ ಸಲ ನೀ ಹಾಕವ್ವ. ಅವತ್ತು ನೀ ಬಾಯಿ ಬಿಡ್ದಿದ್ರೆ ಈ ಹಾರ ಎಲ್ಲಿರ್ತಿತ್ತು?"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಗುಲಾಬಿ ಇದೆಯಲ್ಲವೇ? ಚಳಿಗಾಲವೆಂದು ಅದನ್ನು ನೀರಲ್ಲಿ ಮುಳುಗಿಸಬೇಡಿ, ಉಪವಾಸವೂ ಕೆಡವಬೇಡಿ. ಕುಂಡದ ಗಿಡವಾದರೆ ಮಣ್ಣು ಬೇಗ ಆರುತ್ತದೆ, ಅದನ್ನು ಇನ್ನೂ ಆಗಾಗ ನೋಡಿ. ತಿಂಗಳಿಗೊಮ್ಮೆ ಕೊಳೆತ ಗೊಬ್ಬರ ಕೊಡಿ. ನಾಳೆ ಬೆಳಿಗ್ಗೆ ಚೊಂಬು ಎತ್ತುವ ಮೊದಲು ಗಿಡದ ಬುಡಕ್ಕೆ ಒಂದು ಸಲ ಬೆರಳು ಹಾಕಿ ನೋಡಿ. ನೀರು ಬೇಕೋ ಬೇಡವೋ, ಮಣ್ಣೇ ಹೇಳುತ್ತದೆ.