ಮಂಡಿಯೂರದ ದೊರೆ

ಮುಂಬೈನ ಗೋರೆಗಾಂವ್‌ನ ಫಿಲ್ಮ್ ಸಿಟಿಯಲ್ಲಿ ಅಂದು ಮಂಗೋಲರ ದಂಡಯಾತ್ರೆಯ ಶೂಟಿಂಗ್. 1241ರಲ್ಲಿ ಇಂದಿನ ರೊಮೇನಿಯಾದ ಬೆಟ್ಟಸೀಮೆಯನ್ನು ತುಳಿದ ಮಹಾಸೈನ್ಯವನ್ನು ವೆಬ್ ಸೀರೀಸ್‌ನವರು ಹನ್ನೆರಡು ಬಾಡಿಗೆ ಕುದುರೆಗಳಲ್ಲೇ ತೋರಿಸಬೇಕಿತ್ತು. ಆ ಸೈನ್ಯಕ್ಕೆ ಎದುರಾದ ಬೆಜೆರೆಂಬಾಮ್ ಎಂಬ ದೊರೆಯ ಪಾತ್ರ ಮಾಡಬೇಕಾದವನಿಗೆ ಬೆಳಿಗ್ಗೆಯೇ ಜ್ವರ. ಮಾತಿಲ್ಲದ ಪಾತ್ರ, ಒಂದೇ ದೃಶ್ಯ. ನಿರ್ದೇಶಕ ಕಿಶೋರನ ಕಣ್ಣು ಕೋಟೆಬಾಗಿಲಿಗೆ ಮೊಳೆ ಹೊಡೆಯುತ್ತಿದ್ದ ಮರೆಪ್ಪನ ಮೇಲೆ ಬಿತ್ತು. ಯಾದಗಿರಿ ಕಡೆಯ ಬಡಗಿ. ಆರಡಿ ಆಳು, ಎದೆಮಟ್ಟ ಗಡ್ಡ.

ಕವಚ ತೊಟ್ಟು ಬಂದವನಿಗೆ ಕಿಶೋರ ಹಿಂದಿಯಲ್ಲಿ ವಿವರಿಸಿದ: ಮಂಗೋಲ ರಾಜಕುಮಾರನ ಮುಂದೆ ಮಂಡಿಯೂರಿ ಅವನ ಬೂಟಿಗೆ ಹಣೆ ಹಚ್ಚಬೇಕು.

ಮರೆಪ್ಪ ಧಾತ್ರಿಯ ಕಡೆ ತಿರುಗಿದ. ಆಕೆ ಮೈಸೂರಿನವಳು, ಕಾಂದಿವಲಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು. ಈ ಸೀರೀಸ್‌ಗೆ ಚರಿತ್ರೆಯ ಸಲಹೆಗಾರ್ತಿ. ಸೆಟ್‌ನಲ್ಲಿ ಕನ್ನಡ ಬರುತ್ತಿದ್ದದ್ದು ಇವರಿಬ್ಬರಿಗೇ.

“ಮೇಡಮ್ಮಾರ, ಈ ಅರಸ ಖರೇನ ಕಾಲಿಗೆ ಬಿದ್ದಿದ್ನೇನ್ರಿ?”

 ಈ ದೃಶ್ಯ ಸರಿಯಿಲ್ಲವೆಂದು ಧಾತ್ರಿ ಕಿಶೋರನಿಗೆ ಮೂರು ಸಲ ಬರೆದು, ಉತ್ತರ ಬಾರದೆ ಸುಮ್ಮನಾಗಿದ್ದಳು.

“ಇಲ್ಲ ಮರೆಪ್ಪ. ಹಳೇ ಪರ್ಷಿಯನ್ ಗ್ರಂಥದಲ್ಲಿ ಅವನ ಬಗ್ಗೆ ಇರೋದು ಒಂದೇ ಸಾಲು. ಸೈನ್ಯ ತಗೊಂಡು ಎದುರಿಗೆ ಬಂದ, ಸೋತ. ಅಷ್ಟೇ. ಬರೆದೋರು ಮಂಗೋಲರ ಆಸ್ಥಾನದೋರು, ಗೆದ್ದೋರ ಕಡೆಯೋರು. ಅವರೇ ಕಾಲಿಗೆ ಬಿದ್ದ ಅಂತ ಹೇಳಿಲ್ಲ.”

“ಸೋತಿದ್ರ ಸೋತಾನ. ಬೀಳದವನ್ನ ನಾನ್ಯಾಕ ಬೀಳಿಸ್ಲಿ?”

ಕ್ಯಾಮೆರಾ ಶುರುವಾಯಿತು. ಮರೆಪ್ಪ ನಿಂತೇ ಇದ್ದ. ಎರಡನೇ ಟೇಕ್‌ನಲ್ಲೂ ನಿಂತೇ ಇದ್ದ.

“ಝುಕೋ, ಭಾಯ್!” ಕಿಶೋರ ಕಿರುಚಿದ.

“ನಹೀ ಝುಕೂಂಗಾ, ಸಾಬ್.” ಬೇಕಾದರೆ ಕೊಲ್ಲಿಸಿ, ಬೀಳುತ್ತೇನೆ, ಬಾಗುವುದಿಲ್ಲ ಎಂದು ಮರೆಪ್ಪ ತನ್ನ ಒರಟು ಹಿಂದಿಯಲ್ಲಿ ಹೇಳಿದ.

ಕಿಶೋರ ಧಾತ್ರಿಯತ್ತ ಕೈಬೀಸಿದ. “ನಿಮ್ಮ ಭಾಷೆಯಲ್ಲಿ ಅವನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ.”

ಧಾತ್ರಿ ಎದ್ದು ನಿಂತಳು. “ಹೇಳಲ್ಲ. ಅವನು ಹೇಳ್ತಿರೋದೇ ಸರಿ. ದೊರೆ ಮಂಡಿಯೂರಿದರೆ ಟೈಟಲ್ ಕಾರ್ಡಿನಿಂದ ನನ್ನ ಹೆಸರು ತೆಗೆದುಬಿಡಿ.”  ಅವಳು ಮತ್ತೆ ಕೂರಲಿಲ್ಲ.

 ಬಿಸಿಲು ಗುಡ್ಡದ ಆಚೆ ಜಾರುತ್ತಿತ್ತು; ಕುದುರೆಗಳ ಯಜಮಾನ ಎರಡು ಸಲ ಗಡಿಯಾರ ನೋಡಿದ. ಕೊನೆಗೆ ಕಿಶೋರ ಟೋಪಿ ತೆಗೆದು ನೆಲಕ್ಕೆ ಬಡಿದು, “ಸರಿ, ಸಾಯಿಸಿ ಅವನನ್ನ” ಎಂದ.

ಅದೂ ಗ್ರಂಥದಲ್ಲಿರಲಿಲ್ಲ. ಸೋತ ಮೇಲೆ ಆ ದೊರೆಗೆ ಏನಾಯಿತೆಂದು ಯಾರೂ ಬರೆದಿಟ್ಟಿಲ್ಲ. ಧಾತ್ರಿ ಅದನ್ನು ಹೇಳಲು ಬಾಯಿ ತೆರೆದಳು. ಕವಚದೊಳಗೆ ಎದೆ ಸೆಟೆಸಿ ನಿಂತಿದ್ದ ಮರೆಪ್ಪನನ್ನು ಕಂಡು ಸುಮ್ಮನಾದಳು.

ಕ್ಯಾಮೆರಾ ಮತ್ತೆ ಓಡಿತು. ಮಂಗೋಲ ಸೈನಿಕನ ಮೊದಲ ಹೊಡೆತಕ್ಕೆ ಅವನು ಅಲುಗಲಿಲ್ಲ. ಎರಡನೆಯದಕ್ಕೆ ತೂರಾಡಿ ಮತ್ತೆ ನೆಟ್ಟಗಾದ. ಮೂರನೆಯದಕ್ಕೆ ಮರ ಉರುಳುವಂತೆ ಹಿಂದಕ್ಕೆ ಬಿದ್ದ, ಮುಖ ಆಕಾಶಕ್ಕೆ. ಲೈಟಿನವರು ಸಿಳ್ಳೆ ಹೊಡೆದರು. ಕಿಶೋರ ಮಾನಿಟರ್‌ನಲ್ಲಿ ಎರಡು ಸಲ ನೋಡಿ ಮುಂದಿನ ಶಾಟ್‌ಗೆ ಹೋದ.

ಮರೆಪ್ಪ ಮಣ್ಣು ಕೊಡವಿಕೊಂಡು ಬಂದ. “ಅರಸನ ಹೆಸರು ಇನ್ನೊಮ್ಮೆ ಹೇಳ್ರಿ.”

ಧಾತ್ರಿ ಹೇಳಿದಳು. ಮರೆಪ್ಪನ ನಾಲಿಗೆ ಎರಡು ಸಲ ತೊಡರಿತು. ಮೂರನೇ ಸಲ ಹೆಸರು ಪೂರಾ ಬಂತು. ಕವಚ ಕಳಚದೆಯೇ ಅವನು ಅದನ್ನು ಉಳಿದ ಬಡಗಿಗಳಿಗೆ ಹೇಳಲು ಹೋದ.